ಗುಂಡಿಗೆ ಉಣ್ಣುವ ಹೊತ್ತು

ಚೆನ್ನೈನ ರಾಯಪುರಂಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ನಿನ್ನ ಮುಖ ಬಾಡಿದೆ, ಮಗೂ. ರಾತ್ರಿಪಾಳಿ ಮುಗಿಸಿ ಬರುತ್ತೀಯ, ಎರಡು ಲೋಟ ಟೀ ಕುಡಿದು ಮೊಬೈಲ್ ಹಿಡಿಯುತ್ತೀಯ. ಬೈಯಲು ಕರೆದಿಲ್ಲ, ಕೂತುಕೋ. ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ನೇರಕ್ಕೆ, ಎರಡು ಬೆರಳು ಇಟ್ಟು ನೋಡು. ತಟ್ಟುತ್ತಿದೆಯಲ್ಲ?

ಒಂದೊಂದು ತಟ್ಟಿಗೂ ಗುಂಡಿಗೆಯಿಂದ ಸುಮಾರು 70 ಮಿಲಿಲೀಟರ್ ರಕ್ತ ಹೊರಡುತ್ತದೆ. ಅರ್ಧ ಲೋಟ ಕಾಫಿಯಷ್ಟು. ನಿಮಿಷಕ್ಕೆ 72 ಬಡಿತವೆಂದರೆ 5 ಲೀಟರ್. ಮೈಯಲ್ಲಿರುವ ರಕ್ತವೆಲ್ಲ ಒಂದು ಸುತ್ತು ಬಂದ ಹಾಗೆ. ದಿನಕ್ಕೆ ಲಕ್ಷ ಬಡಿತ, ಏಳು ಸಾವಿರ ಲೀಟರ್. ಬೇಸಿಗೆಯಲ್ಲಿ ನಾವು ಕೊಡ ಹಿಡಿದು ಕಾಯುತ್ತೇವಲ್ಲ, ಅಂಥದೊಂದು ನೀರಿನ ಲಾರಿಯನ್ನು ಮುಷ್ಟಿಯಷ್ಟು ಮಾಂಸ ದಿನವೂ ತುಂಬಿಸುತ್ತದೆ.

ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಮೇಲ್ಭಾಗದಲ್ಲಿ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಮೇಲಿನ ಎರಡು ಕೋಣೆ ಮೊದಲು ಹಿಂಡಿ ಕೆಳಗಿನವನ್ನು ತುಂಬಿಸುತ್ತವೆ. ಆಮೇಲೆ ಕೆಳಗಿನವು ಬಿಗಿಯುತ್ತವೆ: ಬಲಗಡೆಯ ರಕ್ತ ಶ್ವಾಸಕೋಶಕ್ಕೆ, ಎಡಗಡೆಯದು ಇಡೀ ಮೈಗೆ. ಡಾಕ್ಟರ ಕಿವಿಗೆ ಕೇಳುವ ಲಬ್-ಡಬ್ ಸದ್ದು ಕವಾಟಗಳು ಮುಚ್ಚಿಕೊಳ್ಳುವುದರದು. ಹೋದ ರಕ್ತ ಹಿಂದಿರುಗಬಾರದಲ್ಲ, ಅದಕ್ಕೆ.

ನಾನು ಹೇಳಬೇಕೆಂದಿದ್ದುದು ಮುಂದಿನ ಮಾತು. ಒಂದು ಬಡಿತಕ್ಕೆ 0.8 ಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ ಕೆಳಗಿನ ಕೋಣೆಗಳು ಹಿಂಡುವುದು 0.3, ಉಳಿದ 0.5 ಸಡಿಲಾಗಿ ತುಂಬಿಕೊಳ್ಳುವ ಹೊತ್ತು. ಹಿಂಡುವಾಗ ಎಡಗಡೆಯ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅಮುಕಿಬಿಡುತ್ತದೆ. ಊರಿಗೆಲ್ಲ ಬಡಿಸುವ ಗುಂಡಿಗೆ ತಾನು ಉಣ್ಣುವುದು ಹೆಚ್ಚಾಗಿ ಆ ಬಿಡುವಿನಲ್ಲೇ. ಬಡಿತ ವೇಗವಾದಷ್ಟೂ ಕಡಿಮೆಯಾಗುವುದು ಆ ಬಿಡುವೇ. ನಮ್ಮ ರಾಯಪುರಂ ರೈಲು ನಿಲ್ದಾಣದಲ್ಲಾದರೆ ಗಾಡಿ ನಿಲ್ಲಿಸಿ ಹಳಿ ದುರಸ್ತಿ ಮಾಡಬಹುದು. ಗುಂಡಿಗೆಗೆ ಅರ್ಧ ಸೆಕೆಂಡಿನದಷ್ಟೇ ರಜೆ.

ಬಿಪಿ 120/80 ಎನ್ನುತ್ತಾರಲ್ಲ, ಮೇಲಿನದು ಹಿಂಡುವಾಗಿನ ಒತ್ತಡ, ಕೆಳಗಿನದು ಸಡಿಲಾದಾಗಿನದು. ಈ ಒತ್ತಡ ವರ್ಷಗಟ್ಟಲೆ ಏರಿಯೇ ಇದ್ದರೆ ಎಡಗಡೆಯ ಕೆಳಗಿನ ಕೋಣೆಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ, ಸರಿಯಾಗಿ ಸಡಿಲಾಗದು. ನಿದ್ದೆಯಲ್ಲಿ ಒತ್ತಡ ತಾನಾಗಿ ಇಳಿಯುತ್ತದೆ. ಹಗಲಾದರೂ ಸರಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಏಳು ಗಂಟೆ ಮಲಗು. ಕಾಸಿಮೇಡಿನ ಕರುವಾಡು, ಆ ಒಣಮೀನು, ನಿನಗೆ ಇಷ್ಟ, ಗೊತ್ತು. ಅದರಲ್ಲಿರುವ ಉಪ್ಪೂ ಗೊತ್ತಿರಲಿ. ದಿನಕ್ಕೆ 5 ಗ್ರಾಂ, ಒಂದು ಟೀ ಚಮಚೆಗಿಂತ ಹೆಚ್ಚು ಉಪ್ಪು ಬೇಡ. ಬೀಡಿ, ಸಿಗರೇಟಿನ ಸುದ್ದಿ ನಿನ್ನ ಬಾಯಲ್ಲಿ ಕೇಳಲೇಬಾರದು.

ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಗ್ಯಾಸ್ ಇರಬೇಕೆಂದು ಸೋಡಾ ಕುಡಿಯುತ್ತಾ ಕೂರಬೇಡ. 108ಕ್ಕೆ ಫೋನ್ ಮಾಡು. ಸ್ಟಾನ್ಲಿ ಆಸ್ಪತ್ರೆ ಇಲ್ಲೇ ಹತ್ತಿರದಲ್ಲಿದೆ.

ಈ ಭಾನುವಾರ ಬಿಪಿ ನೋಡಿಸಿಕೊಳ್ಳೋಣ. ನಾನೂ ಜೊತೆಗೆ ಬರುತ್ತೇನೆ.