ಹಾಸ್ಟೆಲ್ ಮಗಳ ಕಾಗದ

ಅಕ್ಕಂದಿರೇ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಸರ್ಕಾರದ್ದು. ಪರೀಕ್ಷೆ ಬರೆದು 6ನೇ ತರಗತಿಗೆ ಸೇರಬೇಕು. 10ರವರೆಗೆ ಊಟ, ವಸತಿ, ಪುಸ್ತಕ ಉಚಿತ. ಆದರೆ ಓದು ಜಾಸ್ತಿ. ಬೆಳಗ್ಗೆ ಬೇಗ ಏಳಬೇಕು, ರಾತ್ರಿಯೂ ಓದಬೇಕು.

ಕೆಂಗೇರಿಯಲ್ಲಿ ನಮ್ಮ ಹತ್ತಿರ ಅಕ್ಷರ ಕಲಿತ ತಾಯಿಯೊಬ್ಬರಿಗೆ ಅಲ್ಲಿಂದ ಮಗಳ ಕಾಗದ ಬಂತು.

"ಅಮ್ಮಾ, ದೀಪ ಆರಿದ ಮೇಲೆ ಮನೆ ನೆನಪಾಗುತ್ತೆ. ನನ್ನ ಚಾಪೆ ಮೇಲೆ ಈಗ ತಮ್ಮ ಮಲಗ್ತಾನಾ? ಲೆಕ್ಕದಲ್ಲಿ ಅಂಕ ಕಡಿಮೆ ಬಂದ್ರೆ ವಾಪಸ್ ಕಳಿಸ್ತಾರಾ?"

ಎದುರಿಗೆ ಕೂತರೆ ಮಕ್ಕಳು ಇದನ್ನೆಲ್ಲ ಹೇಳೋಲ್ಲ. ಮೊದಲಾಗಿದ್ದರೆ ಪಕ್ಕದ ಮನೆಯವರಿಂದ ಓದಿಸಬೇಕಿತ್ತು. ಈಗ ತಾಯಿಯೇ ಓದಿದರು. ಉತ್ತರವನ್ನೂ ಬರೆದರು.

"ಅಂಕ ಕಡಿಮೆ ಬಂದ್ರೂ ನೀನು ನನ್ನ ಮಗಳೇ. ನಿನ್ನ ಚಾಪೆ ಸುತ್ತಿ ಇಟ್ಟಿದೀನಿ. ಭಾನುವಾರ ಚಕುಲಿ ತರ್ತೀನಿ."

ಚಕ್ಕುಲಿಗೆ ಒತ್ತು ಬಿಟ್ಟುಹೋಗಿತ್ತು. ಮಗಳಿಗೇನು, ಅರ್ಥವಾಯಿತು!

ನೀವಾದರೆ ಏನು ಬರೀತಿದ್ರಿ? ಎರಡು ಸಾಲು ಬರೆದು ನೋಡಿ.