ಹಾಡಿನ ಹಿಂದಿನ ಲೆಕ್ಕ: ಕೊಪ್ಪಳದಿಂದ ಮ್ಯೂಸಿಕ್ ಬಿಸಿನೆಸ್ ಓದಲು ಹೊರಟವರಿಗೆ

ಗಂಗಾವತಿ, ಕುಷ್ಟಗಿ ಕಡೆ ಹಾಡು ಕಟ್ಟುವವರಿಗೆ ಬರವಿಲ್ಲ. ಒಂದು ಕೋಣೆಯ ಗೋಡೆಗೆ ಫೋಮ್ ಹೊಡೆಸಿ ಕೀಬೋರ್ಡು, ಮೈಕು, ಕಂಪ್ಯೂಟರು ಇಟ್ಟರೆ ಅದೇ ಸ್ಟುಡಿಯೋ. ಜನಪದ ಧಾಟಿಯ ಡಿಜೆ ಹಾಡು ವಾರದೊಳಗೆ ಯೂಟ್ಯೂಬಿಗೆ ಏರುತ್ತದೆ. ಹಾಡು ಓಡದಿದ್ದರೆ ಎಲ್ಲರೂ ಗೆಳೆಯರು; ಓಡಿತೋ, ದುಡ್ಡು ಯಾರದೆಂಬ ತಕರಾರು. ಬರೆದವನದೋ, ಹಾಡಿದವಳದೋ, ಚಾನೆಲ್‌ನವನದೋ? ಈ ತಕರಾರನ್ನು ಹುಟ್ಟುವ ಮೊದಲೇ ಬಗೆಹರಿಸುವ ವಿದ್ಯೆಯನ್ನು ಹೊರದೇಶಗಳಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತಾರೆ. ಡಿಗ್ರಿ ಮುಗಿಸಿ ಅತ್ತ ಕಣ್ಣು ಹಾಯಿಸಿದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಹೀಗೆ ಶುರುಮಾಡಬಹುದು.

ಹಂತ 1: ಯಾವ ಓದೆಂದು ಖಾತ್ರಿ ಮಾಡಿಕೊಳ್ಳಿ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಕಲಿಯುವುದು ರಾಗ, ತಾಳ, ಶಾಸ್ತ್ರ. ಮ್ಯೂಸಿಕ್ ಬಿಸಿನೆಸ್‌ನಲ್ಲಿ ಕಲಿಯಬೇಕಾದದ್ದು ಹಕ್ಕುಸ್ವಾಮ್ಯ, ಕರಾರು, ಹಾಡಿನ ಬಿಡುಗಡೆ, ಸಂಗೀತ ಕಚೇರಿಯ ಖರ್ಚುವೆಚ್ಚ, ರಾಯಲ್ಟಿ. ಹಾಡಲು ಬರಲೇಬೇಕೆಂದಿಲ್ಲ, ಕಿವಿ ಚುರುಕಿದ್ದರೆ ಸಾಕು. ಈ ವಿದ್ಯೆ ನಮಗೇನೂ ಹೊಸದಲ್ಲ. ಗದುಗಿನ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಸಿ, ಅದರ ಗಳಿಕೆಯಿಂದ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟ, ಪಾಠ ನಡೆಸಿದರು. ಕಲೆಯನ್ನೂ ಗಲ್ಲಾಪೆಟ್ಟಿಗೆಯನ್ನೂ ಒಬ್ಬರೇ ಸಂಭಾಳಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತೋಚುತ್ತಿಲ್ಲ.

ಹಂತ 2: ಒಂದು ಹಾಡಿನ ಕಾಗದಪತ್ರ ಮಾಡಿ

ಕೋರ್ಸ್ ಹುಡುಕುವ ಮೊದಲು ಇದನ್ನು ಮಾಡಿ. ಪರಿಚಯದ ತಂಡವೊಂದು ಹೊಸ ಹಾಡು ರೆಕಾರ್ಡ್ ಮಾಡುವ ದಿನ ಹೋಗಿ ಕೂಡಿ. ಬಿಳಿ ಹಾಳೆಯ ಮೇಲೆ ಹಾಡಿನ ಹೆಸರು, ತಾರೀಖು ಬರೆಯಿರಿ. ನಡುವೆ ಗೆರೆ ಎಳೆದು ಒಂದು ಕಡೆ ಸಾಹಿತ್ಯ, ಸಂಗೀತ. ಇನ್ನೊಂದು ಕಡೆ ಧ್ವನಿಮುದ್ರಣ. ಕಾನೂನಿನ ಕಣ್ಣಲ್ಲಿ ಇವು ಬೇರೆ ಬೇರೆ ಆಸ್ತಿ. ಕವಿ ಬರೆದದ್ದು ಕವಿಯದು, ಧಾಟಿ ಕೂಡಿಸಿದವನದು ಧಾಟಿ, ಧ್ವನಿಮುದ್ರಣದ ಮೊದಲ ಹಕ್ಕು ಅದರ ನಿರ್ಮಾಪಕನದು. ಪ್ರತಿಯೊಬ್ಬರ ಹೆಸರಿನ ಮುಂದೆ ಪಾಲು, ಅದರ ಮುಂದೆ ಸಹಿ. ಒಂದೊಂದು ಕಡೆಯ ಮೊತ್ತವೂ ನೂರಕ್ಕೆ ನೂರು ಬರಬೇಕು.

ಬರುವುದಿಲ್ಲ, ನೋಡಿ. ಕೀಬೋರ್ಡಿನವನು ಧಾಟಿ ನನ್ನದೇ ಎನ್ನುತ್ತಾನೆ. ಹಾಡಿದಾಕೆ ಅಂದಿನ ಸಂಭಾವನೆ ಸಾಕೆಂದು ಎದ್ದು ಹೊರಡುತ್ತಾಳೆ. ಆಕೆಯನ್ನು ಕೂಡಿಸಿ ತಿಳಿಹೇಳಿ: ಬಾಯಿಮಾತಿನಲ್ಲಿ ಹಕ್ಕು ಕೈಬದಲಾಗುವುದಿಲ್ಲ, ಬರಹ ಬೇಕು, ಸಹಿ ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿ ತೋರಿಸಿ. ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. 2012ರ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಗೀತ ಸಂಯೋಜಕರು ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುತ್ತೇವೆಂದು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ.

ಹಳೆಯ ಪದವಾದರೆ? ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಈಗ ಯಾರೂ ಒಡೆಯರಲ್ಲ. ಕವಿ ತೀರಿಕೊಂಡು 60 ವರ್ಷವಾದರೆ ಸಾಹಿತ್ಯ ಎಲ್ಲರದು. ಆದರೆ ಅದನ್ನು ಇಂದು ಹಾಡುವವರ ಪ್ರದರ್ಶನಕ್ಕೆ ಹಕ್ಕಿದೆ, ಅದು 50 ವರ್ಷ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಪಡೆದರು. ಅವರು ಹೇಳುವ ರಾಮಾಯಣದ ಕಥೆ ಲೋಕದ ಸೊತ್ತು, ಅವರ ಆಟ ಅವರದು. ಮೊಬೈಲ್ ಹಿಡಿದು ಬಂದವರು ಈ ವ್ಯತ್ಯಾಸ ಕೇಳುವುದಿಲ್ಲ, ನೀವು ಹೇಳಬೇಕು.

ಕೊನೆಗೆ ಐಎಸ್‌ಆರ್‌ಸಿ. ಪ್ರತಿ ಧ್ವನಿಮುದ್ರಣಕ್ಕೂ ಸಿಗುವ 12 ಅಕ್ಷರ-ಅಂಕಿಗಳ ಗುರುತು. ಹಾಳೆಯ ತಲೆಗೆ ಅದನ್ನೂ ಬರೆದಿಡಿ.

ಹಂತ 3: ನಮ್ಮ ವ್ಯಾಜ್ಯಗಳನ್ನು ಓದಿ

ಪಠ್ಯಪುಸ್ತಕಕ್ಕಿಂತ ಇವು ಬೇಗ ತಲೆಗೆ ಹತ್ತುತ್ತವೆ. 2022ರ ನವೆಂಬರಿನಲ್ಲಿ ಕೆಜಿಎಫ್-2 ಚಿತ್ರದ ಹಾಡನ್ನು ಕಾಂಗ್ರೆಸ್ಸಿನ ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಅನುಮತಿಯಿಲ್ಲದೆ ಬಳಸಿದರೆಂದು ಹಾಡಿನ ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ಕಾಂಗ್ರೆಸ್ಸಿನ ಟ್ವಿಟರ್ ಖಾತೆ ತಡೆಯಲು ಬೆಂಗಳೂರಿನ ಕೋರ್ಟು ಆದೇಶಿಸಿತು. ಆ ವಿಡಿಯೋ ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಅದೇ ವರ್ಷ ಕಾಂತಾರದ ವರಾಹರೂಪಂ ಹಾಡು ತಮ್ಮ ನವರಸಂ ಹಾಡಿನ ನಕಲೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಗಾದೆ ತೆಗೆಯಿತು. ಚಿತ್ರ ಮೊದಲಿಗೆ ಅಮೆಜಾನ್ ಪ್ರೈಮ್‌ಗೆ ಬಂದಾಗ ಆ ಜಾಗದಲ್ಲಿ ಬೇರೆ ಟ್ಯೂನ್ ಇತ್ತು. ಯಾರ ಯಾವ ಆಸ್ತಿಗೆ ಧಕ್ಕೆ ಬಂತೆಂದು ನಿಮ್ಮ ಹಾಳೆಯ ಎರಡು ಭಾಗ ಎದುರಿಗಿಟ್ಟುಕೊಂಡು ಗುರುತಿಸಿ.

ಹಂತ 4: ದಾರಿ ಆರಿಸಿ

ವಿದೇಶವಾದರೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಮ್ಯೂಸಿಕ್ ಬಿಸಿನೆಸ್ ಮ್ಯಾನೇಜ್‌ಮೆಂಟ್ ಎಂ.ಎ. ಇದೆ, ಪೂರ್ಣಾವಧಿ ಓದಿದರೆ ಒಂದು ವರ್ಷ. ಬರ್ಕ್ಲಿ ಸಂಗೀತ ಕಾಲೇಜು ಸ್ಪೇನಿನ ವೆಲೆನ್ಸಿಯಾದಲ್ಲಿ ಇಂಥದೇ ಕೋರ್ಸ್ ನಡೆಸುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು ರಾಜ್ಯದ ಪ್ರಬುದ್ಧ ವಿದ್ಯಾರ್ಥಿವೇತನದ ಈ ವರ್ಷದ ನಿಯಮ ನೋಡಬೇಕು. ಇಂಥ ನೆರವಿಲ್ಲದೆ, ಹೊಲ ಅಡವಿಟ್ಟು ಹೋಗುವ ಓದಲ್ಲ ಇದು. ಅಲ್ಲಿಂದ ಬಂದೊಡನೆ ಆ ಸಾಲ ತೀರಿಸುವಷ್ಟು ಸಂಬಳ ಕನ್ನಡದ ಆಡಿಯೋ ಕಂಪನಿಗಳಲ್ಲಿ ಸಿಗುತ್ತದೆಂದು ನಂಬಬೇಡಿ.

ನಾನಾದರೆ ಎರಡನೇ ದಾರಿ ಹಿಡಿಯುತ್ತಿದ್ದೆ. ಪಿಜಿಸಿಇಟಿ ಬರೆದು ಎಂಬಿಎ ಸೇರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ: ಕಲ್ಯಾಣ ಕರ್ನಾಟಕದೊಳಗೆ ದೊಡ್ಡ ಪಾಲು, ಹೊರಗಿನ ಜಿಲ್ಲೆಗಳಲ್ಲಿ ಶೇ 8. ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರವನ್ನು ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರ ಅಲ್ಲಿ ಸಾಲು ಉದ್ದವಿರುತ್ತದೆ. ಎಂಬಿಎ ಹಣಕಾಸು, ಮಾರುಕಟ್ಟೆ ಕಲಿಸುತ್ತದೆ, ಹಕ್ಕುಸ್ವಾಮ್ಯ ಕಲಿಸುವುದಿಲ್ಲ. ಅದಕ್ಕೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಬೌದ್ಧಿಕ ಆಸ್ತಿ ಸ್ನಾತಕೋತ್ತರ ಡಿಪ್ಲೊಮಾ ಇದೆ. ಯಾವ ಪದವೀಧರರಾದರೂ ಸೇರಬಹುದು. ಇಂಗ್ಲಿಷಿನ ಕಾನೂನು ಭಾಷೆ ಮೊದಮೊದಲು ಕಬ್ಬಿಣದ ಕಡಲೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಆರಂಭಿಕ ಕೋರ್ಸನ್ನು ಮುಂಚೆಯೇ ಮುಗಿಸಿದರೆ ಸಲೀಸಾಗುತ್ತದೆ.

ಹಂತ 5: ಅರ್ಜಿ ಮತ್ತು ಪ್ರಾಜೆಕ್ಟು

ವಿದೇಶಿ ಅರ್ಜಿಗೆ ಐಇಎಲ್‌ಟಿಎಸ್ ಅಂಕ, ಶಿಫಾರಸು ಪತ್ರ, ಉದ್ದೇಶದ ಬರಹ ಬೇಕು. ಬರಹದಲ್ಲಿ ‘ಚಿಕ್ಕಂದಿನಿಂದಲೂ ನನಗೆ ಸಂಗೀತವೆಂದರೆ ಪ್ರಾಣ’ ಎಂಬ ಮಾತು ಬೇಡ. ಆಯ್ಕೆ ಸಮಿತಿಗೆ ಅದು ದಿನಾ ಬರುತ್ತದೆ. ಎರಡನೇ ಹಂತದ ಹಾಳೆಯ ಕಥೆ ಬರೆಯಿರಿ: ಯಾರು ಎಷ್ಟು ಕೇಳಿದರು, ಎಲ್ಲಿ ರಾಜಿಯಾಯಿತು.

ಎಂಬಿಎ ಪ್ರಾಜೆಕ್ಟಿಗೆ ಬೆಂಗಳೂರಿನ ಕಂಪನಿಯೇ ಆಗಬೇಕೆಂಬ ಹಟ ಬೇಡ. ಕುಷ್ಟಗಿಯ ಒಂದು ಯೂಟ್ಯೂಬ್ ಚಾನೆಲ್‌ನ ಒಂದು ವರ್ಷದ ಆದಾಯ ಹೇಗೆ ಹಂಚಿಕೆಯಾಯಿತು ಎಂಬುದೇ ವಿಷಯವಾಗಬಹುದು. ಇನ್ನೊಂದು ವಿಷಯ: ಮದುವೆಯಲ್ಲಿ ಹಾಡು ಹಾಕಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ, ಹೋಟೆಲಿನ ಹೊಸ ವರ್ಷದ ಪಾರ್ಟಿಗೆ ಕೊಡುವುದಿಲ್ಲ. ಗಂಗಾವತಿಯ ಆರ್ಕೆಸ್ಟ್ರಾದವರಲ್ಲಿ ಎಷ್ಟು ಜನ ಈ ಗೆರೆ ಬಲ್ಲರೆಂದು ಕೇಳಿ ಬರೆಯಬಹುದು. ಲೆಕ್ಕದ ಪುಸ್ತಕ ತೋರಿಸುವವರಿಂದ ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಹಾಕಿಸಿಕೊಳ್ಳಿ.