ಡೇಟಾಬೇಸ್‌ಗೆ ಯಾವ ಟೂಲ್? ಮೂರು ಪ್ರಶ್ನೆಗಳು

ಆಲೂರು ತಾಲ್ಲೂಕಿನ ಮಗ್ಗೆ ಸುತ್ತಲಿನ ಬೆಳೆಗಾರರ ಕಾಫಿ, ಮೆಣಸಿನ ಲೆಕ್ಕಕ್ಕೆ ನಾವೊಂದು ಡೇಟಾಬೇಸ್ ಮಾಡ್ತೀವಿ ಅಂದ್ಕೊಳ್ಳೋಣ. ಲೆಕ್ಕ ಬರೆಯೋರಿಗೆಲ್ಲ ಎಸ್‌ಕ್ಯೂಎಲ್ ಬರಲ್ಲ. ಟೇಬಲ್‌ಗಳನ್ನು ಪರದೆ ಮೇಲೆ ತೋರಿಸುವ ಟೂಲ್ ಬೇಕು. ಆರಿಸೋದು ಹೇಗೆ?

ಒಂದು, ಡೇಟಾಬೇಸ್ ಯಾವುದು? ಪೋಸ್ಟ್‌ಗ್ರೆಸ್‌ ಆದರೆ ಪಿಜಿಅಡ್ಮಿನ್. ಮೈಎಸ್‌ಕ್ಯೂಎಲ್‌ ಆದರೆ ವರ್ಕ್‌ಬೆಂಚ್, ಇಲ್ಲವೇ ಬ್ರೌಸರ್‌ನಲ್ಲಿ ತೆರೆಯುವ ಪಿಎಚ್‌ಪಿಮೈಅಡ್ಮಿನ್. ಹಲವು ಬಗೆಯವಿದ್ದರೆ ಡಿಬೀವರ್‌ನ ಉಚಿತ ಆವೃತ್ತಿ. ಒಂದೇ ಲ್ಯಾಪ್‌ಟಾಪ್‌ನ ಲೆಕ್ಕಕ್ಕೆ ಎಸ್‌ಕ್ಯೂಲೈಟ್, ಅದಕ್ಕೊಂದು ಡಿಬಿ ಬ್ರೌಸರ್ ಸಾಕು. ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲಲ್ಲ.

ಎರಡು, ಕನ್ನಡ ಉಳಿಯುತ್ತಾ? ‘ಮಗ್ಗೆ’ ಕಣ್ಣಿಗೆ 2 ಅಕ್ಷರ. ಯೂನಿಕೋಡ್‌ನಲ್ಲಿ ಮ, ಗ, ಹಲಂತ, ಗ, ಎತ್ವ ಸೇರಿ 5 ಸಂಕೇತ. ಯುಟಿಎಫ್-8ರಲ್ಲಿ 15 ಬೈಟ್. ಅದಕ್ಕೇ ಹೆಸರಿನ ಕಾಲಂಗೆ ಜಾಗ ಧಾರಾಳವಾಗಿ ಕೊಡಬೇಕು. ಒಂದು ಹೆಸರು ಹಾಕಿ, ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ, ವಾಪಸ್ ತುಂಬಿ ನೋಡಿ. ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಮೊದಲು ಕ್ಯಾರೆಕ್ಟರ್ ಸೆಟ್ ಪರೀಕ್ಷಿಸಿ; ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಇರಲಿ. ಚಿಹ್ನೆಗಳಾಗಿಯೇ ಸೇವ್ ಆದ ಹೆಸರು ಆ ಟೇಬಲ್‌ನಿಂದ ಮತ್ತೆ ಸಿಗಲ್ಲ.

ಮೂರು, ಕೈ ತಪ್ಪಿದರೆ ತಡೆಯುತ್ತಾ? ‘ವೇರ್’ ಇಲ್ಲದ ‘ಡಿಲೀಟ್’ ಇಡೀ ಟೇಬಲ್ ಖಾಲಿ ಮಾಡುತ್ತೆ. ವರ್ಕ್‌ಬೆಂಚ್‌ನ ಸೇಫ್ ಅಪ್‌ಡೇಟ್ಸ್ ಇದನ್ನು ತಡೆಯುತ್ತೆ. ಅದನ್ನು ಆಫ್ ಮಾಡಬೇಡಿ. ಡಿಬೀವರ್‌ನಲ್ಲಿ ಆಟೋ ಕಮಿಟ್ ಬದಲು ಮ್ಯಾನುಯಲ್ ಇಟ್ಟರೆ, ಕಮಿಟ್ ಒತ್ತೋ ಮುಂಚೆ ರೋಲ್‌ಬ್ಯಾಕ್ ಮಾಡಬಹುದು.

ಪರದೆಯ ಅಂದ ಆಮೇಲೆ ನೋಡೋಣ. ಒಂದು ಸಾಲು ಅಳಿದರೆ ಹೋಗೋದು ಒಬ್ಬ ಬೆಳೆಗಾರರಿಗೆ ಬರಬೇಕಾದ ಬಾಕಿಯ ಲೆಕ್ಕ. ಟೂಲ್ ಯಾವುದೇ ಇರಲಿ, ಬ್ಯಾಕಪ್ ತೆಗೆದೇ ಕೆಲಸ ಶುರು ಮಾಡೋಣ.